ಕವಳದ ಬಟ್ಟಲಲ್ಲಿ ಟೆಲಿಫೋನು

ನನ್ನ ಸೋದರಮಾವ ಕೈಯಿಟ್ಟರೆ ಎಂಥ ಕೆಟ್ಟ ಯಂತ್ರವೂ ಸರಿಯಾಗುತ್ತದೆ ಎಂದು ಶಿರಸಿಯಲ್ಲಿ ಒಂದು ಮಾತಿತ್ತು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ‘ಕೈಯಿಟ್ಟರೆ’ ಎಂಬಲ್ಲಿಯವರೆಗಿನ ಅರ್ಧ! ಮಾವ ಕೈಯಿಡುತ್ತಿದ್ದದ್ದು ನಿಜ. ಇಡದೇ ಬಿಟ್ಟ ವಸ್ತು ಮನೆಯಲ್ಲಿ ಇರಲಿಲ್ಲ ಎಂಬುದೂ ನಿಜ. ಉಳಿದರ್ಧಕ್ಕೆ ಸಾಕ್ಷಿ ಕೊಡಿ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಆ ಮಾತನ್ನು ಊರಲ್ಲಿ ಹಬ್ಬಿಸಿದವನು ಮಾವನೇ ಎಂಬುದರ ಹೊರತು ಬೇರೆ ಯಾವ ಸಾಕ್ಷಿಯೂ ದೊರೆತಿಲ್ಲ.

ನಾನು ಆಗ ಕಾಲೇಜಿಗೆಂದು ಮಾವನ ಮನೆಯಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆಯಿಂದ ಮಾತಾಡಿ ಕಪ್ಪು ತರುತ್ತಿದ್ದ ಕಾಲ. ಕೊಟ್ಟ ವಿಷಯ ಯಾವುದೇ ಇರಲಿ, ಅದರ ಪರವಾಗಿ ಐದು ನಿಮಿಷ ಮಾತಾಡಬಲ್ಲೆ ಎಂಬ ಜಂಬ ನನಗಿತ್ತು. ಮಾವನ ರಿಪೇರಿ ಎಂಬ ವಿಷಯ ಮಾತ್ರ ಆ ಜಂಬಕ್ಕೆ ಸಿಕ್ಕುತ್ತಿರಲಿಲ್ಲ.

ಎಮರ್ಜೆನ್ಸಿ ಲೈಟನ್ನೇ ತೆಗೆದುಕೊಳ್ಳಿ. ಕರೆಂಟು ಹೋದಾಗ ತಾನಾಗಿ ಹೊತ್ತಿಕೊಳ್ಳುವ ದೀಪ, ಹೊಸದಾಗಿ ಬಂದಿತ್ತು. ನಮ್ಮಲ್ಲಿ ಕರೆಂಟು ಹೋಗುವುದು ಊಟ ತಿಂಡಿಯಷ್ಟೇ ನಿಯಮಿತವಾದ್ದರಿಂದ ಅತ್ತೆ ಬಹಳ ಆಸೆಪಟ್ಟು ತರಿಸಿಕೊಂಡಿದ್ದಳು. ಅದು ಸರಿಯಾಗಿಯೇ ಇತ್ತು. ಆದರೆ ಹೊತ್ತಿಕೊಳ್ಳಲು ಅರೆಕ್ಷಣ ತಡ ಮಾಡುತ್ತದೆ ಎಂದು ಮಾವನಿಗೆ ಅನ್ನಿಸಿತು. ಬಿಚ್ಚಿದ. ಕೂಡಿಸಿದ. ಅಂದಿನಿಂದ ಆ ದೀಪ ಕರೆಂಟು ಇರುವಷ್ಟು ಹೊತ್ತೂ ಚೆನ್ನಾಗಿ ಉರಿದು, ಕರೆಂಟು ಹೋದ ಕೂಡಲೇ ತಾನೂ ಆರುತ್ತಿತ್ತು! “ಅಡ್ಡಿಲ್ಲೆ, ಕರೆಂಟು ಹೋತು ಹೇಳದಾದ್ರೂ ಗೊತ್ತಾಗ್ತಲೀ” ಅಂದ ಮಾವ. ಏನು ಕೆಟ್ಟರೂ ಅವನ ಮೊದಲ ಮಾತು ‘ಅಡ್ಡಿಲ್ಲೆ’, ಪರವಾಗಿಲ್ಲ.

ಮಿಕ್ಸರಿನದು ಇನ್ನೊಂದು ಕಥೆ. ಮಾವನ ಕೈಯಿಂದ ಹೊರಬಂದ ಮೇಲೆ ಅದು ಚಟ್ನಿಯನ್ನು ಮೊದಲಿನ ಹಾಗೇ ಬೀಸುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಚಟ್ನಿ ಬೀಸಿದಾಗಲೆಲ್ಲ ಪಕ್ಕದ ಮನೆಯ ಟೀವಿಯಲ್ಲಿ ಹಿಮಾಲಯದ ಹಿಮ ಸುರಿಯುತ್ತಿತ್ತು. ಆಚೆಮನೆಯವರು ಬೇಲಿಯ ಹತ್ತಿರ ಬಂದು, “ಇವತ್ತು ನಿಮ್ಮನೇಲಿ ದೋಸೆ ಅಲ್ದಾ?” ಎಂದು ಕೇಳುತ್ತಿದ್ದರು. ಅಡುಗೆಮನೆಯ ಗುಟ್ಟು ಟೀವಿಯಲ್ಲಿ ಪ್ರಸಾರವಾಗುವ ಮನೆ ಜಿಲ್ಲೆಯಲ್ಲಿ ಮತ್ತೊಂದಿತ್ತೇ?

ಪ್ರತಿ ರಿಪೇರಿಯ ನಂತರವೂ ಏನಾದರೊಂದು ಉಳಿಯುತ್ತಿತ್ತು. ಒಂದು ಸ್ಕ್ರೂ, ಒಂದು ಸ್ಪ್ರಿಂಗು, ಎಲ್ಲಿಯದೆಂದು ಯಾರಿಗೂ ತಿಳಿಯದ ಒಂದು ಪ್ಲಾಸ್ಟಿಕ್ ಬಿಲ್ಲೆ. ಅವೆಲ್ಲ ಒಂದು ಹಳೆಯ ಉಪ್ಪಿನಕಾಯಿ ಭರಣಿಯೊಳಗೆ ಹೋಗುತ್ತಿದ್ದವು. “ಇದೆಲ್ಲ ಉಳದ್ದು ಹೇಳಾದ್ರೆ ಎಲ್ಲೋ ಕಮ್ಮಿ ಬಿದ್ದಿರವಲಾ ಮಾವ?” ಎಂದು ನಾನು ಕೇಳಿದರೆ, “ಕಂಪನಿಯವು ಹೆಚ್ಚಿಗೆ ಹಾಕಿರ್ತ. ಅವ್ಕೆ ಧೈರ್ಯ ಇಲ್ಲೆ” ಎನ್ನುತ್ತಿದ್ದ.

ಬಿಚ್ಚುವಾಗಿನ ಸಾಮಾನುಗಳನ್ನು ಮಾವ ಇಡುತ್ತಿದ್ದದ್ದು ಎಲ್ಲಿ? ಕವಳದ ಬಟ್ಟಲಿನಲ್ಲಿ. ನಮ್ಮ ಕಡೆ ಮನೆಗೆ ಯಾರು ಬಂದರೂ ಕುಡಿಯಲು ಕೊಟ್ಟ ಮೇಲೆ ಎಲೆ, ಅಡಿಕೆ, ಸುಣ್ಣದ ಬಟ್ಟಲನ್ನು ಮುಂದೆ ಸರಿಸಬೇಕು. ಬಂದವರು ಮಾತಾಡುತ್ತಲೇ ತಮ್ಮ ಕವಳ ತಾವೇ ಕಟ್ಟಿಕೊಳ್ಳುತ್ತಾರೆ, ಹೊರಡುವಾಗ ದಾರಿಗೆಂದು ಇನ್ನೊಂದು. ಮಾವನ ಬಟ್ಟಲಿನಲ್ಲಿ ಸಣ್ಣ ಸಣ್ಣ ಮನೆಗಳಿದ್ದವು: ಅಡಿಕೆಗೊಂದು, ಲವಂಗಕ್ಕೊಂದು, ಏಲಕ್ಕಿಗೊಂದು. ಸ್ಕ್ರೂಗಳನ್ನು ವಿಂಗಡಿಸಿಡಲು ಇದಕ್ಕಿಂತ ಒಳ್ಳೆಯ ಪಾತ್ರೆ ವಿಜ್ಞಾನಿಗಳಿಗೂ ಸಿಕ್ಕಿಲ್ಲವಂತೆ! ಒಮ್ಮೆ ಪುರೋಹಿತರು ಟೇಬಲ್ ಫ್ಯಾನಿನ ಸ್ಕ್ರೂ ಒಂದನ್ನು ಲವಂಗವೆಂದು ಬಾಯಿಗೆ ಹಾಕಿಕೊಂಡು, ಮಂತ್ರಕ್ಕೂ ಬೈಗುಳಕ್ಕೂ ನಡುವಿನ ಒಂದು ಶಬ್ದ ಹೊರಡಿಸಿದ್ದರು. ಆ ದಿನ ಅತ್ತೆ ಬಟ್ಟಲಿಗೂ ಸ್ಕ್ರೂಗೂ ಸಂಬಂಧ ಕೂಡದೆಂದು ಕಾನೂನು ಮಾಡಿದಳು. ಅತ್ತೆ ಮನೆಯಲ್ಲಿ ಇರುವವರೆಗೆ ಅದು ಜಾರಿಯಲ್ಲೂ ಇತ್ತು.

ಮಾವನ ಸಿದ್ಧಾಂತ ಒಂದೇ ವಾಕ್ಯದ್ದು: “ಬಿಚ್ಚದೇ ಗೊತ್ತಾಗ್ತಿಲ್ಲೆ.”

“ಕೆಡದೇ ಇದ್ದದ್ದನ್ನ ಎಂತಕ್ಕೆ ಬಿಚ್ಚವು?” ಎಂದು ನಾನು ವಾದಕ್ಕಿಳಿದರೆ, “ಕೆಟ್ಟಿದ್ದಿಲ್ಲೆ ಹೇಳಿ ಬಿಚ್ಚದೇ ನಿಂಗೆ ಹ್ಯಾಂಗೆ ಗೊತ್ತಾತು ಕೂಸೇ?” ಎಂದು ಕೇಳುತ್ತಿದ್ದ. ಕೂಸು, ತಂಗಿ ಎಂದೇ ನಮ್ಮಲ್ಲಿ ಮನೆಯ ಹುಡುಗಿಯರನ್ನು ಕರೆಯುವುದು. ತೀರ್ಪುಗಾರರಿದ್ದಿದ್ದರೆ ಅಂಕ ಅವನಿಗೇ ಹೋಗುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಅತ್ತೆ ಮಾತ್ರ ನಗುತ್ತ ನಮ್ಮಿಬ್ಬರ ಮುಂದೆಯೂ ಆಸರಿಗೆಗೆ, ಅಂದರೆ ಬಾಯಾರಿಕೆಗೆ, ಮಜ್ಜಿಗೆ ಇಟ್ಟು ಹೋಗುತ್ತಿದ್ದಳು.

ಹೀಗಿರುವಾಗ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಫೋಟೋ ತೆಗೆದು ನೋಡಿ, ಒಳಗೊಂದು ಗಡ್ಡೆ ಇದೆ ಎಂದರು. ಎಂಥ ಗಡ್ಡೆ? ಒಳ್ಳೆಯದೋ ಕೆಟ್ಟದ್ದೋ? ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರಂತೆ: “ಅದನ್ನ ತೆರದ್ ನೋಡಿದ ಮ್ಯಾಲೇ ಹೇಳಬೇಕ್ರಿ. ತೆರೀದ ಗೊತ್ತಾಗೂದಿಲ್ಲ.”

ಮಾವನ ಸ್ವಂತ ವಾಕ್ಯ! ಜೀವಮಾನವಿಡೀ ಕಾಯುತ್ತಿದ್ದ ಬೆಂಬಲ, ಅದೂ ದೊಡ್ಡ ಡಾಕ್ಟರ ಬಾಯಿಂದ! ಮಾವ ಹಿಗ್ಗಿ ಹೀರೇಕಾಯಿ ಆಗಬೇಕಿತ್ತಲ್ಲವೇ? ಆಗಲಿಲ್ಲ. ಪಕ್ಕದಲ್ಲಿದ್ದ ನನ್ನ ಆಯಿ, ಅಂದರೆ ನನ್ನಮ್ಮ, ಮಾವನ ತಂಗಿ, ಹೇಳುವ ಪ್ರಕಾರ, ಅವನ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಆಮೇಲೆ ಕೇಳಿದನಂತೆ: “ಡಾಕ್ಟ್ರೇ, ಎಲ್ಲ ಮೊದಲಿನ ಹಾಗೆ ಕೂಡಿಸಿ ಆದ ಮೇಲೆ... ಏನೂ ಉಳಿಯೂದಿಲ್ಲ ಅಲ್ಲವಾ?”

ಡಾಕ್ಟರು ಇದನ್ನು ತಮಾಷೆಯೆಂದು ನಗಾಡಿದರು. ಆಯಿ ನಗಲಿಲ್ಲ. ಅವಳಿಗೆ ಭರಣಿ ಗೊತ್ತಿತ್ತು.

ಆಪರೇಷನ್ನಿಗೆ ಸೇರುವ ಹಿಂದಿನ ದಿನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದಳು. ಅಟ್ಟದಿಂದ ಇಳಿಸಿದ ಒಂದು ಹಳೇ ಟೇಪ್ ರೆಕಾರ್ಡರು ಅಲ್ಲಿ ಮೂಲೆಯಲ್ಲಿತ್ತು. ಧೂಳು ಒರೆಸಿಟ್ಟಿದ್ದಳು.

“ನಿನ್ನ ಮಾವ ಆಸ್ಪತ್ರೇಲಿ ರಾಶಿ ಹೊತ್ತು ಇರ್ತ್ವಿಲ್ಲೆ, ಯಾರಾದ್ರೂ ಓಡಿಸ್ತ. ಆಯಿ ಯನ್ನ ಜೊತಿಗಿರ್ತು. ನೀನು ಇಲ್ಲಿ ಅವ್ರನ್ನ ನೋಡ್ಕ. ಎಂತಾದ್ರೂ ಬಿಚ್ಚಲೆ ಹುಡುಕಿದ್ರೆ ಬೈಯಡ. ಇದನ್ನ ಮುಂದೆ ಇಡು. ಫೋನಿಗೆ ಮಾತ್ರ ಕೈ ಹಾಕಲೆ ಕೊಡಡ. ಸುದ್ದಿ ಬಪ್ಪದು ಅದ್ರಲ್ಲೇಯ.”

“ಈ ಟೇಪಿಗೆ ಎಂತ ಆಯ್ದು ಅತ್ತೆ?”

“ಎಂತೂ ಆಯ್ದಿಲ್ಲೆ. ಆನೇ ಒಂದು ತಂತಿ ಕಿತ್ತಿಟ್ಟಿದ್ದೆ.”

ಹಟ ಮಾಡುವ ಮಗುವಿನ ಮುಂದೆ ಆಟಿಕೆ ಇಟ್ಟು ಹೋಗುವ ತಾಯಿಯ ಹಾಗೆ! ಮಕ್ಕಳಿಲ್ಲದ ಆ ಮನೆಯಲ್ಲಿ ಅತ್ತೆಗೆ ಅಂಥ ಅಭ್ಯಾಸ ಆಗಿಹೋಗಿದೆ ಎಂದುಕೊಂಡು ನಾನು ನಕ್ಕೆ.

ಅತ್ತೆಯ ಭವಿಷ್ಯ ತಪ್ಪಲಿಲ್ಲ. ಆಸ್ಪತ್ರೆ ಸೇರಿದ ಸಂಜೆಯೇ ಮಾವ ವಾರ್ಡಿನ ಕರೆಗಂಟೆಯನ್ನು ರಿಪೇರಿ ಮಾಡಿದ. ಒತ್ತಿದರೆ ಬಾರಿಸದೇ ಇದ್ದ ಆ ಗಂಟೆ ಆಮೇಲೆ ಒತ್ತದೇ ಬಾರಿಸತೊಡಗಿತು, ನಿಲ್ಲಿಸುವ ಉಪಾಯ ಯಾರಿಗೂ ಹೊಳೆಯಲಿಲ್ಲ. ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, “ಪೇಶಂಟ್ ಇರ್ಲಿ, ಮೊದ್ಲು ಈ ಯಜಮಾನ್ರನ್ನ ಡಿಸ್ಚಾರ್ಜ್ ಮಾಡ್ರಿ!” ಎಂದಳಂತೆ. ಅತ್ತೆಯೂ ಅದನ್ನೇ ಹೇಳಿದಳು: “ನಿಂಗ ಮನೆಗೆ ಹೋಗಿ. ನಿಂಗ ಹಿಂಗೆ ಒದ್ದಾಡ್ತಾ ಇದ್ರೆ ಯಂಗೆ ಹೆದ್ರಿಕೆ ಆಗ್ತು. ಆದ ಕೂಡ್ಲೆ ಫೋನು ಮಾಡ್ಸ್ತೆ.”

ಮಾವ ಶಿರಸಿಗೆ ವಾಪಸು ಬಂದ. ಮರುದಿನ ಬೆಳಿಗ್ಗೆ ಆಪರೇಷನ್ನು.

ಆ ಬೆಳಿಗ್ಗೆ ಮಾವನ ಮುಖ ನೋಡುವ ಹಾಗಿರಲಿಲ್ಲ. ತಿಂಡಿ ಮುಟ್ಟಲಿಲ್ಲ. ಗೋಡೆಯ ಗಡಿಯಾರದ ಕೆಳಗೆ ನಿಂತು ಅದನ್ನೇ ದಿಟ್ಟಿಸುತ್ತಿದ್ದ. ಇನ್ನೊಂದು ಗಳಿಗೆ ತಡವಾಗಿದ್ದರೆ ಗಡಿಯಾರ ಕೆಳಗಿಳಿಯುತ್ತಿತ್ತು. ನಾನು ಅವಸರದಲ್ಲಿ ಟೇಪ್ ರೆಕಾರ್ಡರು ತಂದು ಮುಂದಿಟ್ಟೆ.

“ಮಾವ, ಇದು ಹಾಡ್ತಿಲ್ಲೆ.”

ಅವನ ಕಣ್ಣಿಗೆ ಜೀವ ಬಂತು. ಸ್ಕ್ರೂ ಡ್ರೈವರು, ಇಕ್ಕಳ, ಕವಳದ ಬಟ್ಟಲು, ಎಲ್ಲ ಜಗುಲಿಗೆ ಬಂದವು. ನಾನು ನಿಶ್ಚಿಂತೆಯಿಂದ ಒಳಗೆ ಹೋದೆ. ಸಂಜೆಯವರೆಗೆ ಸಾಕು ಇವನಿಗೆ ಎಂದುಕೊಂಡೆ. ಅನ್ನಕ್ಕಿಟ್ಟು ತಿರುಗುವುದರೊಳಗೆ ಜಗುಲಿಯಿಂದ ಭಜನೆ ಕೇಳಿಸಿತು. ಸ್ಪಷ್ಟವಾಗಿ, ತಾಳ ತಪ್ಪದೆ, ಮೊದಲಿಗಿಂತ ಇಂಪಾಗಿ! ನಾನು ಓಡಿ ಬಂದೆ. ಒಂದು ಸ್ಕ್ರೂ ಕೂಡ ಉಳಿದಿರಲಿಲ್ಲ.

ನೋಡಿ ದುರದೃಷ್ಟ! ಜೀವಮಾನದಲ್ಲಿ ಮೊದಲ ಸಲ ಮಾವನ ಕೈಯಲ್ಲಿ ಒಂದು ಯಂತ್ರ ಸರಿಯಾಗಿತ್ತು, ಅದೂ ಇದೇ ದಿನ. ಮಾವ ಅದನ್ನು ಆರಿಸಿ, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ. ಆ ಕೈಗಳು ಒಂದನ್ನೊಂದು ಬಿಚ್ಚಲು ನೋಡುತ್ತಿದ್ದವು.

“ಫೋನಿನ ತಂಟೆಗೆ ಹೋಗಡ ಮಾವ.”

“ಇಲ್ಲೆ ಇಲ್ಲೆ. ಯಂಗೆ ಮಳ್ಳಾ?”

ನಾನು ಅನ್ನ ಬಸಿದು ಬರುವಷ್ಟರಲ್ಲಿ ಫೋನಿನ ಹೊಟ್ಟೆ ತೆರೆದಿತ್ತು.

“ಮಾವಾ!”

“ರಿಂಗು ಸಣ್ಣ ಆಯ್ದೇ ತಂಗಿ. ಕೇಳ್ದೇ ಹೋದ್ರೆ? ನೀನು ಅಡುಗೆಮನೇಲಿ, ಆನು ಅಂಗಳದಲ್ಲಿ ಇದ್ದಾಗ ಬಂದ್ರೆ? ಸ್ವಲ್ಪ ದೊಡ್ಡ ಮಾಡ್ತೆ ಅಷ್ಟೇಯ. ಈಗ ಆಗೋತು.”

ನಾನು ಬಾಯಿಗೆ ಬಂದ ಎಲ್ಲ ವಾದಗಳನ್ನೂ ಒಟ್ಟಿಗೇ ಹೇಳಹೊರಟೆ. ಅಷ್ಟರಲ್ಲಿ “ಭಾವಾ, ಇದ್ಯನಾ?” ಎಂದು ಅಂಗಳದಿಂದ ಕೂಗು. ಸಿದ್ದಾಪುರದ ಕಡೆಯ ಮನ್ಮನೆ ಎಂಬ ಊರಿನವರು, ಮಾವನ ಹಳೆಯ ಗೆಳೆಯ, ನಮ್ಮ ಮನೆಮಂದಿಗೆಲ್ಲ ‘ಭಾವ’. ಪೇಟೆಗೆ ಬಂದವರು ಅತ್ತೆಯ ಸುದ್ದಿ ಕೇಳಿ ಹೋಗಲು ಬಂದಿದ್ದರು.

“ಆಪರೇಷನ್ನು ಇವತ್ತೇ ಅಡಲಾ? ಎಂತೂ ಆಗ್ತಿಲ್ಲೆ, ಹೆದ್ರಡ ಭಾವ. ಯಮ್ಮನೆ ಎಮ್ಮೆಗೂ ಮಾಡಿದ್ವಲಾ ಕಳೆದ ವರ್ಷ. ಈಗ ಮೊದಲಿಗಿಂತ ಹೆಚ್ಚು ಹಾಲು ಕೊಡ್ತು!”

ಸಮಾಧಾನ ಹೇಳುವ ಕಲೆ ಎಲ್ಲರಿಗೂ ಒಲಿದಿರುವುದಿಲ್ಲ. ಮಾವ ಹೂಂಗುಟ್ಟುತ್ತ ಅಭ್ಯಾಸಬಲದಿಂದ ಕವಳದ ಬಟ್ಟಲನ್ನು ಮುಂದೆ ಸರಿಸಿದ. ಭಾವ ಎಮ್ಮೆಯ ಆಪರೇಷನ್ನನ್ನು ವಿವರವಾಗಿ ಹೇಳುತ್ತ, ಬಟ್ಟಲ ಕಡೆ ನೋಡದೆಯೇ ಎಲೆಗೆ ಸುಣ್ಣ ಸವರಿ, ಅಡಿಕೆ ಹೋಳು ಆರಿಸಿ, ಒಂದು ಕವಳ ಹಾಕಿದರು. ಇನ್ನೊಂದನ್ನು ದಾರಿಗೆಂದು ಕಟ್ಟಿ ಕಿಸೆಗಿಳಿಸಿದರು. ಬಸ್ಸಿಗೆ ತಡವಾಯಿತೆಂದು ಹೊರಟೂಬಿಟ್ಟರು.

ಮಾವ ಫೋನನ್ನು ಕೂಡಿಸಿದ. ರಿಸೀವರನ್ನು ಇಟ್ಟ. ಇಟ್ಟ ಮೇಲೂ ಅದರೊಳಗಿಂದ ‘ಗುಂಯ್’ ಎಂಬ ಸದ್ದು ಸಣ್ಣಗೆ ಬರುತ್ತಲೇ ಇತ್ತು. ಎತ್ತಿ ಇಟ್ಟ. ಗುಂಯ್. ಒತ್ತಿ ಇಟ್ಟ. ಗುಂಯ್. ಮತ್ತೆ ಬಿಚ್ಚಿ ನೋಡಿದ. ರಿಸೀವರನ್ನು ಇಟ್ಟಾಗ ಅದರ ಭಾರಕ್ಕೆ ಕೆಳಗಿಳಿದು, ಒಳಗಿನ ಸಣ್ಣ ಪಟ್ಟಿಯೊಂದನ್ನು ಅದುಮಿ ಲೈನು ಮುಚ್ಚುವ ಒಂದು ಗುಂಡಿ ಇರುತ್ತದೆ. ಬೆರಳಿನ ಉಗುರಿನಷ್ಟು ದೊಡ್ಡದು. ಅದು ಇರಲಿಲ್ಲ.

“ಅಡಿಕೆ ಮನೇಲಿ ಇಟ್ಟಿದ್ನಲೇ...” ಎನ್ನುತ್ತ ಮಾವ ಬಟ್ಟಲಿನೊಳಗೆ ಬೆರಳಾಡಿಸಿದ.

ಹಳೆಯದಾಗಿ ಬಣ್ಣಗೆಟ್ಟ ಬಿಳಿ ಪ್ಲಾಸ್ಟಿಕ್ಕು. ಪಕ್ಕದಲ್ಲೇ ಬಿಸಿಲಲ್ಲಿ ಒಣಗಿಸಿ ಸುಲಿದ ಚಾಲಿ ಅಡಿಕೆಯ ಬಿಳಿ ಹೋಳುಗಳು. ಇಬ್ಬರೂ ಒಟ್ಟಿಗೇ ಬಟ್ಟಲನ್ನು ನೋಡಿ, ಒಟ್ಟಿಗೇ ಬಾಗಿಲ ಕಡೆ ನೋಡಿದೆವು. ನಮ್ಮ ಟೆಲಿಫೋನಿನ ಗುಂಡಿ ಮನ್ಮನೆ ಭಾವನ ಬಾಯಿಯಲ್ಲಿತ್ತು. ಇಲ್ಲವೇ ಕಿಸೆಯಲ್ಲಿ.

“ಈಗ ಆಯಿ ಅಲ್ಲಿಂದ ಫೋನು ಮಾಡಿದ್ರೆ ಎಂತ ಕೇಳ್ತು?” ಎಂದೆ. ಉತ್ತರ ಗೊತ್ತಿದ್ದೇ ಕೇಳಿದ ಪ್ರಶ್ನೆ.

“ಎಂಗೇಜು” ಎಂದ ಮಾವ. ಮೊದಲ ಬಾರಿಗೆ ಅಡ್ಡಿಲ್ಲೆ ಎನ್ನಲಿಲ್ಲ.

ನಾನು ಸೈಕಲ್ಲು ಹತ್ತಿದೆ. ಬಸ್ ನಿಲ್ದಾಣದಲ್ಲಿ ಸಿದ್ದಾಪುರದ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಕಿಟಕಿಯ ಪಕ್ಕ ಭಾವ, ಕೆನ್ನೆ ಉಬ್ಬಿಸಿಕೊಂಡು.

“ಭಾವಾ! ಕವಳ ಉಗಿಯಡಿ! ನುಂಗಡಿ! ಬಾಯಿ ತೆಗೀರಿ!”

ಬಸ್ಸಿನಲ್ಲಿದ್ದವರೆಲ್ಲ ತಿರುಗಿದರು. ಭಾವ ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು.

“ಎಂತೇ ಕೂಸೇ, ಅಡಿಕೇಲಿ ವಿಷ ಇತ್ತಾ?”

“ವಿಷ ಅಲ್ಲ, ಫೋನು ಇತ್ತು!”

ದಾಸನಕೊಪ್ಪದ ಕಡೆಯ ಮಾತಿನ ಕಂಡಕ್ಟರು ಬಾಗಿಲಿಂದ ಬಗ್ಗಿದ: “ಏನವಾ, ಮುದುಕಪ್ಪಾರ ಬಾಯಾಗ ಫೋನ್ ಹುಡುಕಾಕತ್ತೀಯಲ್ಲ, ಹೊರಗ ಎಲ್ಲೂ ಸಿಗಲಿಲ್ಲೇನು? ಲಗೂನ ಮುಗಸ್ರಿ, ಬಸ್ ಬಿಡಬೇಕು.”

ಭಾವ ಕಿಸೆಯ ಕವಳ ಬಿಚ್ಚಿ ತೋರಿಸಿದರು. ಅದರಲ್ಲಿದ್ದದ್ದು ಅಪ್ಪಟ ಅಡಿಕೆ. ಆಮೇಲೆ ನಾಲಗೆಯಿಂದ ಕೆನ್ನೆಯೊಳಗೆ ತಡಕಾಡಿ, “ಒಂದು ಹೋಳು ರಾಶಿ ಗಟ್ಟಿ ಇತ್ತು. ನೆನೀಲಿ ಹೇಳಿ ಪಕ್ಕಕ್ಕೆ ಇಟ್ಕಂಡಿದ್ದೆ. ಈಗ ಜಗದ್ನಲೇ...” ಎನ್ನುತ್ತ ಅಂಗೈಗೆ ಉಗಿದರು. ಕೆಂಪು ರಸದ ನಡುವೆ ಎರಡು ತುಂಡು ಪ್ಲಾಸ್ಟಿಕ್ಕು. ಎಪ್ಪತ್ತರ ಹತ್ತಿರದ ಹಲ್ಲು ಅಷ್ಟು ಗಟ್ಟಿ ಇರುತ್ತದೆಂದು ಯಾರು ಎಣಿಸಿದ್ದರು?

“ನಿನ್ನ ಮಾವಂಗೆ ಹೇಳು, ಅಡಿಕೆ ಬದಲ್ಸಲೆ” ಎಂದರು. ಬಸ್ಸು ಹೊರಟಿತು.

ಮನೆಗೆ ಬರುವ ದಾರಿಯಲ್ಲಿ ಎಸ್‌ಟಿಡಿ ಬೂತಿಗೆ ಹೊಕ್ಕು ಆಸ್ಪತ್ರೆಗೆ ಫೋನು ಮಾಡಿದೆ. ಆಚೆಗಿನ ಹೆಣ್ಣುಧ್ವನಿ ಹೆಸರು ಕೇಳಿಕೊಂಡು, “ಇನ್ನೂ ಒಳಗೇ ಅದಾರ್ರಿ. ಹೊರಗ ಬಂದ ಮ್ಯಾಲೆ ನಿಮ್ಮವರೇ ಫೋನ್ ಮಾಡ್ತಾರ” ಎಂದು ಇಟ್ಟುಬಿಟ್ಟಿತು. ಇನ್ನೂ ಒಳಗೇ! ಹೊತ್ತು ಮಧ್ಯಾಹ್ನ ದಾಟಿತ್ತು. ಬೆಳಿಗ್ಗೆ ಕರೆದೊಯ್ದವರು ಇನ್ನೂ ಒಳಗೇ ಇದ್ದಾರೆಂದರೆ ತೆರೆದು ಏನು ಕಂಡರು? ಈ ಪ್ರಶ್ನೆಯನ್ನು ಮಾವನಿಗೆ ಮುಟ್ಟಿಸಬಾರದೆಂದು ನಿರ್ಧರಿಸಿ ಮನೆಗೆ ಬಂದೆ. ಮಾವ ಬಾಗಿಲಲ್ಲೇ ಇದ್ದ. ನನ್ನ ಮುಖ ನೋಡಿದ. ಅಂಗೈ ಚಾಚಿದ. ಎರಡು ತುಂಡು ಇಟ್ಟೆ.

ಮಾವ ಅಂಟು ಹಚ್ಚಿ ನೋಡಿದ. ಎಲೆಯ ರಸ ಹತ್ತಿದ ಪ್ಲಾಸ್ಟಿಕ್ಕು ಅಂಟಿಗೆ ಜಗ್ಗಲಿಲ್ಲ. ಭರಣಿಯನ್ನು ಜಗುಲಿಯ ಮೇಲೆ ಸುರಿದ. ಅಷ್ಟು ವರ್ಷಗಳ ಉಳಿಕೆಯಲ್ಲಿ ಇಂಥದ್ದೊಂದು ಗುಂಡಿ ಮಾತ್ರ ಇರಲಿಲ್ಲ. ಆಮೇಲೆ ಒಂದು ಅಡಿಕೆ ಹೋಳನ್ನು ತೆಗೆದುಕೊಂಡು ಚೂರಿಯಿಂದ ಕೆತ್ತಿ, ಕಲ್ಲಿಗೆ ಉಜ್ಜಿ, ಅದೇ ಅಳತೆಯ ಗುಂಡಿ ಮಾಡಿದ. ಯಂತ್ರಶಾಸ್ತ್ರಕ್ಕೆ ನಮ್ಮ ಸೀಮೆಯ ಕೊಡುಗೆ! ಕೂರಿಸಿದರೆ ಕೂತಿತು, ಗುಂಯ್ ನಿಂತಿತು. ಆದರೆ ರಿಸೀವರು ಎತ್ತಿದರೂ ಅಡಿಕೆ ಮೇಲೇಳಲಿಲ್ಲ. ಕರೆ ಬಂದರೆ ಗಂಟೆ ಬಡಿಯುತ್ತದೆ, ಮಾತಾಡಲು ಬರುವುದಿಲ್ಲ.

ಮಾವ ಅಡಿಕೆಯನ್ನು ಕಿತ್ತು ತೆಗೆದ. ತೆರೆದ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಒಳಗಿನ ಪಟ್ಟಿಯನ್ನು ತನ್ನ ಹೆಬ್ಬೆರಳಿನಿಂದ ಅದುಮಿದ. ಗುಂಯ್ ನಿಂತಿತು. ಬೆರಳು ಎತ್ತಿದ. ಗುಂಯ್. ಮತ್ತೆ ಅದುಮಿದ.

“ಹಿಂಗೇ ಇರ್ತೆ” ಎಂದ. “ರಿಂಗಾದಾಗ ಬೆರಳು ಬಿಟ್ರೆ ಆತು.”

“ಎಷ್ಟು ಹೊತ್ತು ಮಾವ?”

“ಫೋನು ಬಪ್ಪವರಿಗೆ.”

ಎರಡು ಮಿನಿಟು ಒಂದು ಕಡೆ ಕೂರದ ಮನುಷ್ಯ ಅವನು. ಊಟಕ್ಕೆ ಕೂತಲ್ಲಿ ಸಾರಿನ ಸೌಟಿನ ಹಿಡಿಕೆ ಅಲ್ಲಾಡಿಸಿ ನೋಡುವವನು. ಮದುವೆಮನೆಯಲ್ಲಿ ಧಾರೆಯ ಹೊತ್ತಿಗೆ ಮೈಕಿನವನ ಹಿಂದೆ ಕಾಣುವವನು. ಅಂಥವನು ಅಂದು ಗೋಡೆಗೆ ಒರಗಿ, ಹೆಬ್ಬೆರಳೊಂದನ್ನು ಒತ್ತಿಕೊಂಡು, ಅಲುಗದೆ ಕೂತ. ನಾನು ಕೊಟ್ಟ ಮಜ್ಜಿಗೆಯನ್ನು ಎಡಗೈಯಲ್ಲಿ ಕುಡಿದ. “ಸ್ವಲ್ಪ ಹೊತ್ತು ಆನು ಹಿಡೀತೆ” ಎಂದರೆ ತಲೆಯಾಡಿಸಿ ಬೇಡವೆಂದ. ಉಗುರು ಬಿಳಿಚಿಕೊಂಡಿತ್ತು. ಬಿಸಿಲು ಜಗುಲಿಯಿಂದ ಅಂಗಳಕ್ಕೆ, ಅಂಗಳದಿಂದ ಬೇಲಿಗೆ ಸರಿಯಿತು. ಫೋನು ಸುಮ್ಮನಿತ್ತು.

ನನಗೆ ಈಗ ಇನ್ನೊಂದು ಹೆದರಿಕೆ ಹತ್ತಿತು. ಲೈನು ಗುಂಯ್‌ಗುಡುತ್ತಿದ್ದ ಹೊತ್ತಿನಲ್ಲಿ ಆಯಿ ಎಷ್ಟು ಸಲ ಮಾಡಿದ್ದಳೋ? ಇನ್ನು ಮಾಡುವುದಿಲ್ಲವೋ? ಮಾಡಲಾರದ ಸುದ್ದಿಯೋ? ಮತ್ತೆ ಬೂತಿಗೆ ಹೋಗಿ ಕೇಳೋಣವೆಂದರೆ ಮಾವನನ್ನು ಹೀಗೆ ಒಬ್ಬನೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಪರ, ವಿರೋಧ ಎರಡೂ ಕಡೆಯ ವಾದಗಳು ನನ್ನೊಳಗೇ ಎದ್ದು ನಿಂತವು. ಎರಡನ್ನೂ ಕೂರಿಸಲು ಆಗಲಿಲ್ಲ.

“ಕೂಸೇ” ಎಂದ ಮಾವ, ಫೋನಿನಿಂದ ಕಣ್ಣೆತ್ತದೆ. “ಚಂದಗುಳಿ ಗಣಪಂಗೆ ಒಂದು ಗಂಟೆ ಕಟ್ಸ್ತೆ ಹೇಳಿ ಹೇಳ್ಕಂಡ್ರೆ, ಅದ್ರಿಂದ ಎಂತಾದ್ರೂ ಆಗ್ತು ಹೇಳಿ ಇದ್ದಾ? ನೀನು ಚರ್ಚೆ ಮಾಡವ್ಳು, ಹೇಳು.”

ಹರಕೆಯ ವಿರುದ್ಧ ನಾನು ಕಪ್ಪು ಗೆದ್ದ ಭಾಷಣವೇ ಇತ್ತು. ಕಾರ್ಯಕಾರಣ, ಸಾಕ್ಷ್ಯ, ಕೊನೆಗೆ ಒಂದು ನಗೆಚಟಾಕಿ, ಎಲ್ಲ ಬಾಯಿಪಾಠ.

“ದೊಡ್ಡ ಗಂಟೆಯನ್ನೇ ಹೇಳ್ಕ ಮಾವ” ಎಂದೆ.

ಮುಸ್ಸಂಜೆಗೆ ಲೈಟು ಹಾಕಿದೆ. ಹಾಕಿದ ಕೂಡಲೇ ಕರೆಂಟು ಹೋಯಿತು. ಎಮರ್ಜೆನ್ಸಿ ಲೈಟು ತನ್ನ ಧರ್ಮ ಬಿಡದೆ ತಾನೂ ಆರಿತು. ಒಲೆಯ ಬೆಂಕಿಯ ಬೆಳಕು ಮಾತ್ರ ಜಗುಲಿಯ ಬಾಗಿಲವರೆಗೆ ಬರುತ್ತಿತ್ತು. ನಾನು ಬೆಂಕಿಪೆಟ್ಟಿಗೆಗೆ ತಡಕಾಡುತ್ತಿದ್ದಾಗ ಫೋನು ಬಾರಿಸಿತು.

ದೊಡ್ಡದಾಗಿ ಬಾರಿಸಿತು! ಆ ರಿಪೇರಿಯೊಂದು ಸರಿಯಾಗಿತ್ತು. ಮಾವನ ತೊಡೆಯ ಮೇಲೆ ಅದು ನಡುಗುತ್ತ ಕಿರುಚುವುದು ನೆರೆಮನೆಗೂ ಕೇಳಿರಬೇಕು. ನಾನು ಹಾರಿ ರಿಸೀವರು ಎತ್ತಿದೆ. “ಹಲೋ, ಹಲೋ!” ಗಂಟೆ ಬಡಿಯುತ್ತಲೇ ಇತ್ತು.

“ಮಾವ, ಬೆರಳು ಬಿಡು!”

ಮಾವ ಬಿಡಲಿಲ್ಲ.

“ಮಾವಾ! ಕಟ್ಟಾಗ್ತು! ಬೆರಳು!”

ಅವನು ನನ್ನನ್ನು ನೋಡಿದ. ಬೆಂಕಿಯ ಬೆಳಕಿನಲ್ಲಿ ಆ ಮುಖ ಕಂಡಿತು. ಬಿಚ್ಚದೇ ಗೊತ್ತಾಗುವುದಿಲ್ಲ ಎಂದು ಜೀವಮಾನವಿಡೀ ಹೇಳಿದವನು, ಬೆರಳೊಂದು ಎತ್ತಿದರೆ ಗೊತ್ತಾಗಿಬಿಡುತ್ತದೆ ಎಂದು ಕೂತಿದ್ದ. ಅವನಿಗೆ ಗೊತ್ತಾಗುವುದು ಬೇಕಿರಲಿಲ್ಲ. ಅತ್ತೆ ತಂತಿ ಕಿತ್ತಿಟ್ಟ ಟೇಪ್ ರೆಕಾರ್ಡರು ನನಗೆ ಆಗ ಅರ್ಥವಾಯಿತು. ಅದು ಹಟಕ್ಕೆ ಕೊಟ್ಟ ಆಟಿಕೆಯಲ್ಲ, ಹೆದರಿಕೆಗೆ ಕೊಟ್ಟ ಮದ್ದು.

ನಾನು ಪಕ್ಕದಲ್ಲಿ ಕೂತು ಅವನ ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಎತ್ತಿದೆ. ಮರಗಟ್ಟಿತ್ತು. ಗಂಟೆ ನಿಂತಿತು.

“ಹಲೋ? ಯಾರು, ತಂಗಿಯಾ?” ಆಯಿಯ ಧ್ವನಿ. “ಮಧ್ಯಾಹ್ನದಿಂದ ಮಾಡ್ತಾ ಇದ್ದೆ, ಬರೀ ಎಂಗೇಜು! ಆಮೇಲೆ ಡಾಕ್ಟ್ರು ಕರದ್ರು, ಔಷಧ ತಪ್ಪಲೆ ಓಡಾಡದೇ ಆತು... ಅಣ್ಣಂಗೆ ಹೇಳು, ಎಲ್ಲ ಚೊಲೋ ಆತು. ಬರೀ ನೀರುಗಡ್ಡೆ ಅಡ. ಕೆಟ್ಟದ್ದಲ್ದಡ. ತೆಗದ್ದ. ಅತ್ಗೆಗೆ ಎಚ್ಚರ ಆಯ್ದು.”

ನಾನು ಮಾವನ ಕಡೆ ತಿರುಗಿ ತಲೆಯಾಡಿಸಿದೆ. ಅವನಿಗೆ ಸಾಲಲಿಲ್ಲ.

“ಕೇಳು” ಎಂದ. “ಎಲ್ಲ ಕೂಡಿಸಿ ಆದ ಮೇಲೆ ಎಂತೂ ಉಳದ್ದಿಲ್ಯಡ, ಕೇಳು.”

ಕೇಳಿದೆ. ಆಚೆ ಆಯಿ ಅತ್ತಳೋ ನಕ್ಕಳೋ ತಿಳಿಯಲಿಲ್ಲ. “ಎಂತೂ ಉಳದ್ದಿಲ್ಲೆ ಹೇಳು. ಅತ್ಗೆ ಕಣ್ಣು ಬಿಟ್ಟ ಕೂಡ್ಲೆ ಎಂತ ಕೇಳ್ಚು ಗೊತ್ತಿದ್ದಾ? ‘ಅವು ಮನೇಲಿ ಎಂತ ಬಿಚ್ಚಿದ್ವಡ?’ ಹೇಳಿ ಕೇಳ್ಚು. ಎಂತ ಹೇಳ್ಲಿ?”

ಮಾವನಿಗೆ ಕೇಳಿಸಿತ್ತು. ಕೈ ಅಲ್ಲಾಡಿಸಿ ಸನ್ನೆ ಮಾಡಿದ: ಏನೂ ಇಲ್ಲ, ಏನೂ ಇಲ್ಲ! ತೊಡೆಯ ಮೇಲೆ ಹೊಟ್ಟೆ ತೆರೆದ ಫೋನು, ಜಗುಲಿಯ ತುಂಬ ಭರಣಿಯ ಸ್ಕ್ರೂಗಳು, ಪಕ್ಕದಲ್ಲಿ ಹಲ್ಲಿನ ಗುರುತಿರುವ ಎರಡು ತುಂಡು. ಸಾಕ್ಷ್ಯ ಇದಕ್ಕಿಂತ ಹೆಚ್ಚು ಬೇಕೇ? ಮಾವನ ಒಂದು ಸುಳ್ಳನ್ನೂ ಅಲ್ಲಿಯವರೆಗೆ ನಾನು ಖಂಡಿಸದೇ ಬಿಟ್ಟವಳಲ್ಲ.

“ಎಂತೂ ಬಿಚ್ಚಿದ್ದಿಲ್ಲೆ ಹೇಳು ಆಯೀ.”

“ಮತ್ತೆ ಮಧ್ಯಾಹ್ನದಿಂದ ಎಂಗೇಜು ಎಂತಕ್ಕೆ ಬಂತು?”

ಅಷ್ಟು ಕಪ್ಪು ಗೆದ್ದ ನಾನು, “ಲೈನು ಸರಿ ಇರ್ಲಿಲ್ಲೆ” ಎಂದು ತೊದಲಿದೆ. ಆಯಿ ಹೂಂ ಎಂದಳು. ನಂಬಿದ ಹೂಂ ಅಲ್ಲ. ಅತ್ತೆ ಕೂಡ ನಂಬುವುದಿಲ್ಲ.

ಮಾತು ಮುಗಿಯಿತು. ರಿಸೀವರು ಕೆಳಗಿಟ್ಟೆ. ಮಾವ ಮತ್ತೆ ಹೆಬ್ಬೆರಳನ್ನು ಪಟ್ಟಿಯ ಮೇಲಿಟ್ಟು ಅದುಮಿದ.

“ಇನ್ನೆಂತಕ್ಕೆ ಮಾವ?”

“ಇರ್ಲಿ. ಅದು ಮಾತಾಡವು ಹೇಳಿ ಮಾಡಿದ್ರೆ?”

ಹೊಟ್ಟೆ ಕುಯ್ದು ಹೊಲಿದ ಹೆಂಗಸು ಅದೇ ಸಂಜೆ ಎದ್ದು ಬೂತಿಗೆ ಬಂದು ಫೋನು ಮಾಡುತ್ತಾಳೆಯೇ? ವಾದಕ್ಕೆ ಇದಕ್ಕಿಂತ ಸುಲಭದ ವಿಷಯ ಉಂಟೇ? ನಾನು ಎದ್ದು ದೀಪ ಹಚ್ಚಿ ತಂದಿಟ್ಟೆ.

“ಬೆಳಿಗ್ಗಿಂದ ಕವಳ ಹಾಕಿದ್ದಿಲ್ಲೆ, ತಂಗಿ” ಎಂದ ಮಾವ. “ಕೈ ಖಾಲಿ ಇಲ್ಲೆ. ಒಂದು ಕಟ್ಟಿ ಕೊಡು.”

ಬಟ್ಟಲನ್ನು ಎಳೆದುಕೊಂಡೆ. ಎಲೆ ಒರೆಸಿ, ಸುಣ್ಣ ಸವರಿ, ಅಡಿಕೆಯ ಒಂದೊಂದು ಹೋಳನ್ನೂ ದೀಪಕ್ಕೆ ಹಿಡಿದು ತಿರುಗಿಸಿ ನೋಡಿ, ಅಡಿಕೆಯೇ ಹೌದೆಂದು ಖಾತ್ರಿ ಮಾಡಿಕೊಂಡು, ಕವಳ ಕಟ್ಟಿ ಮಾವನ ಬಾಯಿಗಿಟ್ಟೆ.